ಶುಕ್ರವಾರ ಏಳಕ್ಕೆ

ಆಟದ ಪುಸ್ತಕ ಅಚ್ಚು ಹಾಕುವವರು
ಬಿಟ್ಟಿದ್ದು ಒಂದೇ ಚಿತ್ರ.
ಅರ್ಧ ತೆರೆದ ಬಾಗಿಲು, ಬಾಗಿಲಾಚೆ ಕತ್ತಲು,
ಹೊಸ್ತಿಲ ಮೇಲೆ ಒಂಟಿ ಚಪ್ಪಲಿ.
ಕೆಳಗೆ ಸಣ್ಣಕ್ಷರದಲ್ಲಿ: ಶುಕ್ರವಾರ, ಸಂಜೆ ಏಳಕ್ಕೆ.

ಅಷ್ಟಕ್ಕೇ ಬಳ್ಳಾರಿ ಕೌಲ್ ಬಜಾರಿನ ನಮ್ಮ ಗೋದಾಮಿನಲ್ಲಿ
ಮೂರು ರಾತ್ರಿ ಯಾರೂ ನೆಟ್ಟಗೆ ಉಂಡಿಲ್ಲ.

ಹೊಲಿಗೆ ಮಷೀನು ನಿಂತ ಮೇಲೆ
ಕಟಿಂಗ್ ಟೇಬಲ್ಲೇ ನಮ್ಮ ರಾಜ್ಯ.
ಜೀನ್ಸ್ ಥಾನು ಬೆಟ್ಟ, ಉಳಿದ ತುಂಡು ಹೊಳೆ,
ಹಿತ್ತಾಳೆ ಗುಂಡಿ ನಮ್ಮ ಕಡೆಯವರು, ಕರಿಯವು ವೈರಿ.
ಆರು ವರ್ಷದ ಹಳೇ ಜೆರಾಕ್ಸು ನಿಯಮದ ಪುಸ್ತಕ,
ನಲವತ್ಮೂರನೇ ಪುಟವೇ ಇಲ್ಲ; ಅಲ್ಲೇನಿತ್ತೋ
ಜಗಳಾಡಿ ನಾವೇ ಬರೆದುಕೊಂಡಿದ್ದೇವೆ.
ಒಬ್ಬೊಬ್ಬರಿಗೆ ಒಂದೊಂದು ಪಾತ್ರ.
ಕಥೆ ನಡೆಸುವವಳು ನಾನು,
ಹಗಲು ಕಾಜಾ ಲೆಕ್ಕ ಬರೆಯುವವಳು.

ಕಟಿಂಗ್ ಮಾಸ್ತರ ಹೊನ್ನೂರ್‌ವಲಿ
ಫೋನಿನ ಗಾಜಿನ ಮೇಲೇ ಟೇಪು ಹಿಡಿದ.
"ಅರ್ಧ ಅಲ್ಲ ಅದು, ಮೂರನೇ ಒಂದು ಪಾಲು.
ಮೂರನೇ ಆವೃತ್ತಿ ಬರ್ತೈತೆ. ಬರಕೋ."
ಅವನ ಕಿವಿಯ ಸೀಮೆಸುಣ್ಣ ಅಲುಗಲಿಲ್ಲ, ಅಷ್ಟು ಖಚಿತ.

ವಾಷಿಂಗಿನ ಗಾದಿಲಿಂಗ, ಮೊಣಕೈ ತನಕ ನೀಲಿ:
"ಮಣ್ಣಂಗಟ್ಟಿ. ಕಂಪನಿ ಮುಚ್ತಾರೆ.
ಒಂದೇ ಚಪ್ಪಲಿ ಬಿಟ್ಟು ಓಡೋನು
ದಿವಾಳಿ ಎದ್ದೋನೇ ಅಲ್ಲೇನು?"

ಪಾಲಿಟೆಕ್ನಿಕ್ ಹುಡುಗ ಎರ್ರಿಸ್ವಾಮಿ
ಚಿತ್ರದ ಬೆಳಕು ಹೆಚ್ಚಿಸಿ, ಇನ್ನೂ ಹೆಚ್ಚಿಸಿ,
ಕತ್ತಲಲ್ಲಿ ಒಂದು ಕಣ್ಣು ಕಂಡೆನೆಂದ.
ನಮಗೆ ಕಂಡಿದ್ದು ಅವನ ಹೆಬ್ಬೆಟ್ಟಿನ ಗುರುತು.
ಮರುದಿನ ಎರಡು ಕಣ್ಣಾದವು.
ಗುರುವಾರಕ್ಕೆ ಬಾಲವೂ ಬಂತು.

ಸುಂಕಮ್ಮ ಮಾತಾಡಲಿಲ್ಲ.
ಹೋದ ಶ್ರಾವಣದಲ್ಲಿ ಅವಳ ಬಿಲ್ಲುಗಾತಿ
ಹಗ್ಗದ ಸೇತುವೆಯಿಂದ ಬಿದ್ದು ಸತ್ತಳು,
ನನ್ನ ಬಾಯಲ್ಲೇ.
ಇಪ್ಪತ್ತು ಮುಖದ ದಾಳ ತೋರಿಸಿದ್ದು ಒಂದು,
ನಾನೇನು ಮಾಡಲಿ.
ಅಂದಿನಿಂದ ಬೇರೆ ಪಾತ್ರ ಹಿಡಿದಿಲ್ಲ. ಬರುತ್ತಾಳೆ,
ಮಂಡಕ್ಕಿ ಕಲೆಸುತ್ತಾಳೆ, ಎಲ್ಲರ ಗಾಯದ ಲೆಕ್ಕ ಇಡುತ್ತಾಳೆ.
ಬುಧವಾರ, ಮಿರ್ಚಿಯ ಎಣ್ಣೆ ಕಾಗದಕ್ಕೆ ಒರೆಸುತ್ತ,
ಯಾರನ್ನೂ ನೋಡದೆ ಕೇಳಿದಳು:
"ಹೊಸಾದ್ರಾಗೆ, ಸತ್ತೋರು ತಿರುಗಿ ಬರೋ ನಿಯಮ ಇರ್ತೈತಾ?"
ಹೊನ್ನೂರ್‌ವಲಿ ಸುಮ್ಮನೆ ಟೇಪು ಸುತ್ತಿದ.
ಅದು ಹೆಣ್ಣು ಚಪ್ಪಲಿ ಎಂದು
ಆಗ ನಮಗೆಲ್ಲ ಒಮ್ಮೆಗೇ ಕಂಡಿತು.

ನನ್ನ ಊಹೆ ನಾನು ಹೇಳಿಲ್ಲ.
ಮೂರು ವರ್ಷದ ಕೆಳಗೆ, ಯಾರಿಗೂ ತಿಳಿಸದೆ,
ಅವರಿಗೆ ಅಂಚೆಯಲ್ಲಿ ಒಂದು ನಕ್ಷೆ ಕಳಿಸಿದ್ದೆ:
ಕೆಂಪು ದೂಳಿನ ಊರು, ನಡುವೆ ಬೋಳು ಬಂಡೆಗುಡ್ಡ,
ಗುಡ್ಡದೊಳಕ್ಕೆ ಇಳಿಯುವ ನೂರಾ ಹನ್ನೊಂದು ಮೆಟ್ಟಿಲು.
ಉತ್ತರ ಬರಲಿಲ್ಲ.
ಈಗ ಈ ಚಿತ್ರದಲ್ಲಿ, ಬಾಗಿಲ ಎಡಕ್ಕೆ, ಗೋಡೆಯ ಬಿರುಕು
ನಾನು ಬರೆದ ಹಗರಿ ಹೊಳೆಯ ಹಾಗೇ ತಿರುಗುತ್ತದೆ,
ಎರಡು ಕಡೆ. ಮೂರನೇ ತಿರುವು ಮಾತ್ರ ಕೊಂಚ ತಪ್ಪು.
ಗೋಡೆ ಅಂದಮೇಲೆ ಬಿರುಕು ಬಿಡುತ್ತದೆ, ಗೊತ್ತು.
ಗೊತ್ತಿದ್ದೂ ರಾತ್ರಿ ಎರಡಕ್ಕೆ ಎದ್ದು
ಹೊದಿಕೆಯೊಳಗೆ ಫೋನು ಹಿಡಿದು ನೋಡಿದ್ದೇನೆ.

ಶುಕ್ರವಾರ. ಆರು ಐವತ್ತೈದು.
"ಸುಮ್ನೆ ಕುಂದ್ರೋದ್ಯಾಕೆ, ದಾಳಾನೇ ಕೇಳಾಣ" ಅಂದ ಗಾದಿಲಿಂಗ.
ಹತ್ತರ ಮೇಲಾದರೆ ಪುಸ್ತಕ, ಕೆಳಗಾದರೆ ಬೀಗ.
ಸುಂಕಮ್ಮನ ಕೈಗೆ ಕೊಟ್ಟೆವು,
ಹನ್ನೊಂದು ತಿಂಗಳಲ್ಲಿ ಮೊದಲ ಸಲ.
ಬೆಚ್ಚಗಾಗುವ ತನಕ ಅಂಗೈಯಲ್ಲಿ ಇಟ್ಟುಕೊಂಡು, ಬಿಟ್ಟಳು.
ಅದು ಟೇಬಲ್ಲಿನ ಅಂಚು ಹಾರಿ
ಓವರ್‌ಲಾಕ್ ಮಷೀನಿನಡಿ ಹೋಯಿತು.

ಐದೂ ಫೋನು ಟಾರ್ಚಾದವು.
ನೆಲಕ್ಕೆ ಕೆನ್ನೆ ಹಚ್ಚಿ ನೋಡಿದರೆ
ನೀಲಿ ದಾರದ ಉಂಡೆ, ಮುರಿದ ಸೂಜಿ,
ಯಾವ ಕಾಲದ್ದೋ ಒಂದು ಶೇಂಗಾ.
"ಯಾರೂ ಮುಟ್ಟಬ್ಯಾಡ್ರಿ, ಬಿದ್ದಂಗೇ ನೋಡ್ಬೇಕು"
ಎಂದು ಸುಂಕಮ್ಮ ಹೊಟ್ಟೆಯ ಮೇಲೆ ಮಲಗಿ ಒಳಕ್ಕೆ ತೆವಳಿದಳು.
ಅವಳ ಒಂಟಿ ಚಪ್ಪಲಿ ನಮ್ಮ ಕಡೆ ಉಳಿಯಿತು.

ಏಳು ಹತ್ತಾಗಿತ್ತು. ಯಾರೂ ಫೋನು ತಿರುಗಿಸಲಿಲ್ಲ.
"ಎಷ್ಟು ಬಿದ್ದೈತೆ?"
"ತಡೀರಿ."